ಮೋವರ್ ಏರು ಹತ್ತಲ್ಲ ಅಂದ್ರೆ ಪಂಪೇ ಹೋಗಿದೆ ಅಂತಲ್ಲ

ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಏರಿನಲ್ಲಿ ನಿಂತುಬಿಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: ಪಂಪ್ ಹೋಯ್ತು. ಮಳೆಗಾಲ ಮುಗಿದ ಮೇಲೆ ಅಂಕೋಲಾ ಹತ್ತಿರದ ಒಂದು ರೆಸಾರ್ಟ್‌ನಿಂದ ನನಗೆ ಫೋನ್ ಬಂದಾಗಲೂ ಅದೇ ಮಾತು. ಎರಡೂ ಹೈಡ್ರಾಲಿಕ್ ಪಂಪ್ ಬದಲಿಸಬೇಕು ಅಂತ ಯಾರೋ ಕೊಟೇಶನ್ ಕೂಡ ಕೊಟ್ಟಾಗಿತ್ತು. ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಪವರ್ ಟಿಲ್ಲರ್ ಬರುತ್ತದೆ.

ನಮ್ಮ ಕಾರವಾರ ಕಡೆ ಇಂಥ ಗಾಡಿಗಳು ಕಡಿಮೆ. ದೊಡ್ಡ ಲಾನ್ ಇರುವ ರೆಸಾರ್ಟ್, ಕ್ಯಾಂಪಸ್, ಮೈದಾನ, ಅಷ್ಟೇ. ನಾನು ಜಾಸ್ತಿ ನೋಡುವುದು ಟಿಲ್ಲರ್, ಪಂಪ್‌ಸೆಟ್, ಬೋಟಿನ ಇಂಜಿನ್. ಹೈಡ್ರಾಲಿಕ್ ಕೆಲಸದ ರೂಢಿ ಬಂದದ್ದು ಜೆಸಿಬಿಗಳಿಂದ.

ಗಾಡಿ ಝೀರೋ ಟರ್ನ್, ಅಂದರೆ ನಿಂತಲ್ಲೇ ತಿರುಗುವ ಜಾತಿಯದ್ದು. ಸ್ಟೀರಿಂಗ್ ಇಲ್ಲ, ಎರಡು ಲಿವರ್ ಇರುತ್ತವೆ. ಇಂಜಿನ್ನಿಂದ ಒಂದು ಬೆಲ್ಟ್ ಬಂದು ಎರಡು ಪಂಪ್ ತಿರುಗಿಸುತ್ತದೆ. ಒಂದೊಂದು ಪಂಪಿಗೆ ಒಂದೊಂದು ಹಿಂದಿನ ಚಕ್ರದ ಮೋಟರ್. ಪಂಪಿನೊಳಗೆ ಓರೆಯಾಗುವ ಒಂದು ತಟ್ಟೆ ಇದೆ, ಲಿವರ್ ದೂಡಿದಷ್ಟೂ ಅದು ಓರೆಯಾಗುತ್ತದೆ, ಅಷ್ಟು ಆಯಿಲ್ ಚಕ್ರದ ಮೋಟರಿಗೆ ಹೋಗುತ್ತದೆ. ಆ ಆಯಿಲ್ ಟ್ಯಾಂಕಿಗೆ ವಾಪಸ್ ಬರುವುದಿಲ್ಲ. ನೇರ ಪಂಪಿಗೇ ಬಂದು ಅಲ್ಲಲ್ಲೇ ಸುತ್ತುತ್ತಿರುತ್ತದೆ. ಸುತ್ತುವಾಗ ಒಳಗೊಳಗೇ ಸೋರಿ ಕಡಿಮೆಯಾದದ್ದನ್ನು ತುಂಬಿಸಲಿಕ್ಕೆ ಚಾರ್ಜ್ ಪಂಪ್ ಅಂತ ಒಂದು ಚಿಕ್ಕ ಪಂಪ್ ಇದೆ. ಅದು ಟ್ಯಾಂಕಿನಿಂದ ಫಿಲ್ಟರ್ ಮೂಲಕ ಎಳೆದುಕೊಳ್ಳುತ್ತದೆ. ಇಷ್ಟು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಪಾನಾ ಹಿಡಿಯುವ ಮೊದಲು ನಾನು ಗಾಡಿ ಓಡಿಸುವವನ ಹತ್ತಿರ ಮಾತಾಡುತ್ತೇನೆ. ಮ್ಯಾನೇಜರ್ ಹತ್ತಿರ ಅಲ್ಲ. ಅಲ್ಲಿನ ಮಾಲಿ ಹೇಳಿದ್ದು ಹೀಗೆ:

“ಅಣ್ಣ, ಬೆಳಿಗ್ಗೆ ಚಲೋ ಓಡ್ತದೆ. ಅರ್ಧ ಲಾನ್ ಆಗೋದ್ರೊಳಗೆ ಎರಡೂ ಚಕ್ರ ಸುಸ್ತಾಗ್ತದೆ. ಎಡಗಡೆದು ಮಾತ್ರ ಬೆಳಿಗ್ಗೆಯಿಂದ್ಲೇ ಏರಿನಲ್ಲಿ ಹಿಂದೆ ಬೀಳ್ತದೆ.”

“ರಿವರ್ಸ್ ಹೋದ್ರೆ?”

“ರಿವರ್ಸಿಗೆ ಎರಡೂ ಸಮ.”

ಈ ಕೊನೆಯ ಉತ್ತರ ಕೇಳಿ ನನಗೆ ಖುಷಿಯಾಯಿತು. ಇಲ್ಲಿ ಇರುವುದು ಎರಡು ಬೇರೆ ಬೇರೆ ತೊಂದರೆ. ಎರಡೂ ಕಡೆ ಒಟ್ಟಿಗೆ ಸುಸ್ತಾದರೆ ಎರಡಕ್ಕೂ ಸೇರಿದ್ದನ್ನು ನೋಡಬೇಕು: ಬೆಲ್ಟ್, ಆಯಿಲ್, ಫಿಲ್ಟರ್, ತಂಪು ಮಾಡುವ ಫ್ಯಾನ್. ಎರಡು ಪಂಪ್ ಒಂದೇ ವಾರದಲ್ಲಿ ಸವೆದುಹೋಗುವುದು ಬಹಳ ಅಪರೂಪ. ಒಂದೇ ಕಡೆ ಸುಸ್ತಾದರೆ ಆ ಕಡೆಯ ಬೈಪಾಸ್ ವಾಲ್ವ್ (ಇಂಜಿನ್ ಬಂದ್ ಇದ್ದಾಗ ಗಾಡಿ ತಳ್ಳಲಿಕ್ಕೆ ಆಯಿಲಿಗೆ ಅಡ್ಡದಾರಿ ಬಿಡುವುದು), ಲಿವರಿನ ರಾಡ್, ಪಂಪ್, ಮೋಟರ್. ಅದರಲ್ಲೂ ಮುಂದಕ್ಕೆ ಮಾತ್ರ ಬಲ ಇಲ್ಲ, ಹಿಂದಕ್ಕೆ ಇದೆ ಅಂದರೆ ಪಂಪ್ ಸವೆದಿರುವ ಸಂಶಯ ಇನ್ನೂ ಕಡಿಮೆ. ಸವೆದ ಪಂಪ್ ಮುಂದೆ ಹಿಂದೆ ಅಂತ ಭೇದ ಮಾಡುವುದಿಲ್ಲ.

ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಂಡು ಸೀಟಿನ ಕೆಳಗೆ ನೋಡಿದೆ. ಬೆಲ್ಟ್ ಬಿಗಿ ಹಿಡಿಯುವ ಐಡ್ಲರ್ ತೋಳು ತುಕ್ಕು ಹಿಡಿದು ಅರ್ಧದಲ್ಲೇ ನಿಂತಿತ್ತು. ಸ್ಪ್ರಿಂಗ್ ಎಳೆದರೂ ತೋಳು ಬರುತ್ತಿರಲಿಲ್ಲ. ಬೆಲ್ಟಿನ ಬದಿ ಗಾಜಿನಂತೆ ಮಿನುಗುತ್ತಿತ್ತು, ಅಂದರೆ ಜಾರುತ್ತಿದೆ. ಸಮುದ್ರದ ಪಕ್ಕ ಇದು ಮಾಮೂಲು. ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಗ್ರೀಸ್ ನಿಪ್ಪಲ್ ಇದ್ದರೂ ಯಾರೂ ಗನ್ ಹಚ್ಚಿರಲಿಲ್ಲ. ತೋಳು ಬಿಚ್ಚಿ, ಪಿನ್ ಉಜ್ಜಿ, ಗ್ರೀಸ್ ತುಂಬಿ, ಹೊಸ ಬೆಲ್ಟ್ ಹಾಕಿದೆ. ಪಂಪಿನ ಮೇಲಿನ ಫ್ಯಾನಿನಲ್ಲಿ ಎರಡು ರೆಕ್ಕೆ ಮುರಿದಿದ್ದವು. ಪಂಪಿನ ಮೈಮೇಲೆ ಒದ್ದೆ ಹುಲ್ಲು ಒಣಗಿ ಹೆಪ್ಪುಗಟ್ಟಿತ್ತು. ಕೆರೆದು ತೆಗೆದೆ.

ಆಮೇಲೆ ಆಯಿಲ್. ಟ್ಯಾಂಕಿನ ಮುಚ್ಚಳ ತೆಗೆದರೆ ಮೇಲೆಲ್ಲ ಆಗಷ್ಟೇ ಕರೆದ ಹಾಲಿನ ಹಾಗೆ ನೊರೆ. ನೀರು ಸೇರಿದ್ದರೆ ಆಯಿಲ್ ಪೂರ್ತಿ ಬೆಳ್ಳಗಾಗಿ ಹಾಗೇ ಇರುತ್ತದೆ. ಇಲ್ಲಿ ಸ್ವಲ್ಪ ಹೊತ್ತು ಬಿಟ್ಟಾಗ ನೊರೆ ಇಳಿದು ಕೆಳಗೆ ತಿಳಿ ಆಯಿಲ್ ಕಂಡಿತು. ಹಾಗಾದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಗಾಳಿ ಬೆರೆತ ಆಯಿಲಿಗೆ ಒತ್ತುವ ಶಕ್ತಿ ಇಲ್ಲ, ಜೊತೆಗೆ ಬೇಗ ಬಿಸಿಯಾಗುತ್ತದೆ. ಬಿಸಿಯಾದರೆ ತೆಳ್ಳಗಾಗುತ್ತದೆ. ಈ ಗಾಡಿಗೆ ಹಾಕುವ 20ಡಬ್ಲ್ಯು-50 (ಇದು ಗಟ್ಟಿತನದ ಗ್ರೇಡ್) ಆಯಿಲ್ 40 ಡಿಗ್ರಿಯಲ್ಲಿ ಇದ್ದ ಗಟ್ಟಿತನದ ಸುಮಾರು ಒಂಬತ್ತರಲ್ಲಿ ಒಂದು ಪಾಲು ಮಾತ್ರ 100 ಡಿಗ್ರಿಯಲ್ಲಿ ಉಳಿಯುತ್ತದೆ. ತೆಳ್ಳಗಾದಷ್ಟೂ ಪಂಪಿನೊಳಗೆ ಸೋರುವುದು ಜಾಸ್ತಿ. ಬೆಳಿಗ್ಗೆ ಚಲೋ, ಆಮೇಲೆ ಸುಸ್ತು ಅನ್ನುವುದರ ಗುಟ್ಟು ಇದು.

ಗಾಳಿ ಎಳೆಯುವ ಜಾಗ ಹುಡುಕುವುದು ಕಿರಿಕಿರಿ. ಎಳೆಯುವ ಕಡೆ ಸಂದು ಇದ್ದರೆ ಹೊರಗೆ ಒಂದು ಹನಿಯೂ ಸೋರಬೇಕೆಂದಿಲ್ಲ. ಪೈಪಿನ ಕ್ಲಿಪ್‌ಗಳು ಗಟ್ಟಿ ಇದ್ದವು. ಫಿಲ್ಟರ್ ಹೊಸದು, ಮಳೆಗಾಲಕ್ಕೆ ಮೊದಲು ಹಾಕಿದ್ದು ಅಂದರು. ಹೊಸದು ಅಂದ ಕಡೆಯೇ ನನಗೆ ಮೊದಲು ಅನುಮಾನ ಬರುವುದು. ತಿರುಗಿಸಿ ತೆಗೆದೆ. ಫಿಲ್ಟರಿನ ರಬ್ಬರ್ ರಿಂಗ್ ಫಿಲ್ಟರಿನಲ್ಲೇ ಇತ್ತು. ಬೆರಳು ಹಾಕಿ ಮೇಲಿನ ಬೇಸ್ ಸವರಿದರೆ ಅಲ್ಲಿ ಇನ್ನೊಂದು ರಿಂಗ್! ಹಳೆ ಫಿಲ್ಟರಿನದ್ದು ಅಂಟಿಕೊಂಡೇ ಉಳಿದಿತ್ತು, ಅದರ ಮೇಲೆ ಹೊಸದನ್ನು ಬಿಗಿದಿದ್ದರು. ಎರಡು ರಿಂಗ್ ಸರಿಯಾಗಿ ಕೂರುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಸ್ಕ್ರೂಡ್ರೈವರ್ ತುದಿಯಲ್ಲಿ ಎಬ್ಬಿಸಿದರೆ ಒಣಗಿದ ಹುಣಸೆ ಸಿಪ್ಪೆಯಷ್ಟು ಪುಡಿ ಪುಡಿ.

ಇನ್ನೊಂದು ಮಾತು. ಮರೆ (ಥ್ರೆಡ್) ಒಂದೇ ಅಂತ ಕಾರಿನ ಇಂಜಿನ್ ಆಯಿಲ್ ಫಿಲ್ಟರ್ ಹಾಕುವವರಿದ್ದಾರೆ. ಹಾಕಬೇಡಿ. ಇಲ್ಲಿ ಫಿಲ್ಟರ್ ಇರುವುದು ಎಳೆಯುವ ಕಡೆ. ತಪ್ಪು ಫಿಲ್ಟರ್ ಅಡ್ಡವಾದರೆ ಚಾರ್ಜ್ ಪಂಪಿಗೆ ಆಯಿಲ್ ಸಾಲುವುದಿಲ್ಲ. ಯಾವ ಆಯಿಲ್, ಯಾವ ಫಿಲ್ಟರ್ ಅಂತ ಗಾಡಿಯ ಪುಸ್ತಕ ನೋಡಿ. ಈ ಗಾಡಿಗೆ ಬೇಕಾದದ್ದು 20ಡಬ್ಲ್ಯು-50.

ಎರಡೂ ಕಡೆಯ ಸುಸ್ತು ಇಲ್ಲಿಗೆ ಹೋಯಿತು. ಎಡಗಡೆ ಇನ್ನೂ ಬಾಕಿ.

ಗಾಡಿ ತಳ್ಳಲಿಕ್ಕೆ ಅಂತ ಇರುವ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿದೆಯಾ ನೋಡಿದೆ. ಮುಚ್ಚಿತ್ತು. ಲಿವರ್ ಪೂರ್ತಿ ದೂಡಿದಾಗ ಪಂಪಿನ ತಟ್ಟೆ ಓರೆ ಮಾಡುವ ತೋಳು ಎರಡೂ ಕಡೆ ಒಂದೇ ದೂರ ಹೋಗುತ್ತದಾ ಅಂತ ಸ್ಕೇಲ್ ಇಟ್ಟು ಅಳೆದೆ. ಸರಿ ಇತ್ತು. ಚಕ್ರದ ಹಬ್ ಅನ್ನು ಮೋಟರಿನ ಶಾಫ್ಟಿಗೆ ಹಿಡಿದಿಡುವ ಕೀಯೂ ಗಟ್ಟಿ. ಇನ್ನು ಉಳಿದದ್ದು ಪಂಪಾ, ಮೋಟರಾ ಅನ್ನುವುದು.

ಇದಕ್ಕೆ ಒತ್ತಡ ಅಳೆಯುವ ಗೇಜ್ ಇಲ್ಲದೆ ಮಾಡುವ ಪರೀಕ್ಷೆ ಒಂದಿದೆ. ಎಡ ಪಂಪಿನ ಎರಡು ಹೋಸ್ ಬಲ ಮೋಟರಿಗೆ, ಬಲ ಪಂಪಿನದ್ದು ಎಡ ಮೋಟರಿಗೆ ಅದಲು ಬದಲು ಮಾಡುವುದು. ಬಿಚ್ಚುವ ಮೊದಲು ಜಾಯಿಂಟಿನ ಸುತ್ತ ಡೀಸೆಲ್ ಹಾಕಿ ಒರೆಸಿದೆ, ಪ್ರತಿ ಹೋಸಿಗೂ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿದೆ. ಹೋಸ್ ಬಿಚ್ಚಿದ ಮೇಲೆ ಗಾಳಿ ತೆಗೆಯಲೇಬೇಕು. ಹಿಂದಿನ ಚಕ್ರ ಎತ್ತಿ ಕುದುರೆ (ಸ್ಟ್ಯಾಂಡ್) ಕೊಟ್ಟು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬೈಪಾಸ್ ತೆರೆದು, ಇಂಜಿನ್ ನಿಧಾನದಲ್ಲಿಟ್ಟು ಲಿವರನ್ನು ಮೆಲ್ಲಗೆ ಐದಾರು ಸಲ ಹಿಂದೆ ಮುಂದೆ ಮಾಡಬೇಕು. ಬೈಪಾಸ್ ಮುಚ್ಚಿ ಮತ್ತೆ ಅದೇ. ನಡುವೆ ಟ್ಯಾಂಕಿನ ಮಟ್ಟ ನೋಡುತ್ತಿರಬೇಕು. ಕಿರುಗುಟ್ಟುವ ಸದ್ದು ನಿಲ್ಲುವ ತನಕ ಬಿಡಬಾರದು. ಸೋರಿಕೆ ನೋಡುವಾಗ ಕೈ ಸವರಬೇಡಿ, ರಟ್ಟು ಹಿಡಿಯಿರಿ. ಒತ್ತಡದ ಆಯಿಲ್ ಸೂಜಿಯಷ್ಟು ತೂತಿನಿಂದ ಬಂದರೂ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

ಚಕ್ರ ಎತ್ತಿಟ್ಟಾಗ ಅದರ ಶಕ್ತಿ ಗೊತ್ತಾಗುವುದಿಲ್ಲ, ಸುಮ್ನೆ ತಿರುಗುತ್ತದೆ. ಅದಕ್ಕೆ ಸಮತಟ್ಟು ಜಾಗದಲ್ಲಿ ಗಾಡಿಯ ಮುಂಭಾಗವನ್ನು ಚಿರೇಕಲ್ಲಿನ ಗೋಡೆಗೆ ಒತ್ತಿ ನಿಲ್ಲಿಸಿ, ನಡುವೆ ಹಳೆ ಟಯರ್ ಇಟ್ಟು, ಒಂದೊಂದೇ ಲಿವರ್ ಮುಂದಕ್ಕೆ ದೂಡಿದೆ. ಬ್ಲೇಡ್ ಬಂದ್, ಹತ್ತಿರ ಯಾರೂ ಇಲ್ಲ. ಹೋಸ್ ಅದಲು ಬದಲಾಗಿದ್ದರಿಂದ ಈಗ ಬಲ ಲಿವರಿಗೆ ತಿರುಗುವುದು ಎಡ ಚಕ್ರ. ಅದು ಹುಲ್ಲು ಕಿತ್ತು ಕೆಂಪು ಮಣ್ಣು ಹಾರಿಸಿತು. ಎಡ ಲಿವರ್ ದೂಡಿದರೆ ಬಲ ಚಕ್ರ ಗಕ್ಕನೆ ನಿಂತು ಪಂಪ್ ಊಳಿಟ್ಟಿತು. ಸುಸ್ತು ಪಂಪಿನ ಜೊತೆ ಹೋಗಿದೆ. ಎಡ ಮೋಟರಿನದ್ದೇನೂ ತಪ್ಪಿಲ್ಲ.

ಇಲ್ಲಿ ಪಂಪ್ ಆರ್ಡರ್ ಮಾಡುವವರೇ ಜಾಸ್ತಿ. ಆದರೆ ರಿವರ್ಸಿಗೆ ಬಲ ಇದೆಯಲ್ಲ? ಪಂಪಿನಲ್ಲಿ ಮುಂದಿನ ಕಡೆಗೊಂದು, ಹಿಂದಿನ ಕಡೆಗೊಂದು ಚೆಕ್ ವಾಲ್ವ್ ಇರುತ್ತದೆ. ಚಾರ್ಜ್ ಪಂಪಿನ ಆಯಿಲ್ ಒಳಗೆ ಬಿಡುವುದು, ಒತ್ತಡ ಬಂದಾಗ ಮುಚ್ಚಿಕೊಳ್ಳುವುದು ಅದರ ಕೆಲಸ. ಮುಚ್ಚದಿದ್ದರೆ ಆ ದಿಕ್ಕಿಗೆ ಮಾತ್ರ ಬಲ ಇಲ್ಲದಾಗುತ್ತದೆ. ಈ ಪಂಪಿನಲ್ಲಿ ಅದನ್ನು ಹೊರಗಿನಿಂದಲೇ ಪ್ಲಗ್ ಬಿಚ್ಚಿ ತೆಗೆಯಬಹುದು. ಮುಂದಿನ ಕಡೆಯದ್ದನ್ನು ತೆಗೆದು ಬಿಸಿಲಿಗೆ ಹಿಡಿದೆ. ವಾಲ್ವ್ ಕೂರುವ ಅಂಚಿನಲ್ಲಿ ಬಿಳಿ ನೂಲಿನಂಥದ್ದು ಸಿಕ್ಕಿಕೊಂಡಿತ್ತು. ಉಗುರಿನಲ್ಲಿ ಎಳೆದರೆ ರಬ್ಬರಿನಂತೆ ಹಿಗ್ಗಿತು. ಟೆಫ್ಲಾನ್ ಟೇಪ್.

ಹಿಂದೆ ಯಾರೋ ಹೋಸ್ ಬದಲಿಸುವಾಗ ನಲ್ಲಿಗೆ ಸುತ್ತುವ ಟೇಪನ್ನು ಇದಕ್ಕೂ ಸುತ್ತಿದ್ದಾರೆ. ಈ ಜಾಯಿಂಟುಗಳು ಲೋಹಕ್ಕೆ ಲೋಹ ಕೂತೇ ಸೋರಿಕೆ ತಡೆಯುತ್ತವೆ, ಟೇಪ್ ಬೇಡವೇ ಬೇಡ. ಅಲ್ಲಿ ಹರಿದ ತುಂಡು ಫಿಲ್ಟರಿಗೂ ಸಿಗುವುದಿಲ್ಲ. ಸುತ್ತುವ ಆಯಿಲ್ ಟ್ಯಾಂಕಿಗೆ ಬರುವುದಿಲ್ಲವಲ್ಲ, ಅದು ಅಲ್ಲೇ ತಿರುಗುತ್ತಿರುತ್ತದೆ. ಎಲ್ಲ ಜಾಯಿಂಟ್ ಬಿಚ್ಚಿ ಟೇಪ್ ಕೆರೆದೆ, ವಾಲ್ವ್ ತೊಳೆದು ಹೊಸ ಓರಿಂಗ್ ಹಾಕಿದೆ, ಹೋಸುಗಳನ್ನು ಅವುಗಳ ಜಾಗಕ್ಕೆ ತಂದೆ, ಹಳೆ ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿ ಮತ್ತೆ ಗಾಳಿ ತೆಗೆದೆ.

ಮಾಲಿ ಮಧ್ಯಾಹ್ನದ ಬಿಸಿಲಿನಲ್ಲೇ ಸಮುದ್ರದ ಕಡೆಯ ಏರಿಗೆ ಓಡಿಸಿದ. ಎರಡೂ ಚಕ್ರ ಒಂದೇ ಸಮ ಹತ್ತಿದವು. ಗಾಡಿಯನ್ನು ಪ್ರೆಶರ್ ವಾಶರಿನಲ್ಲಿ ತೊಳೆಯಬೇಡ, ಬ್ಲೋವರ್ ಹಿಡಿ ಅಂತ ಅವನಿಗೆ ಹೇಳಿ ಬಂದಿದ್ದೇನೆ. ಬಲ ಪಂಪಿನ ಶಾಫ್ಟ್ ಸೀಲಿನಲ್ಲಿ ಆಯಿಲ್ ಸ್ವಲ್ಪ ಜಿನುಗುತ್ತಿದೆ. ಸೀಲ್ ಮತ್ತು ಫ್ಯಾನ್ ಎರಡಕ್ಕೂ ಆರ್ಡರ್ ಕೊಟ್ಟಾಗಿದೆ, ಮಳೆ ಹಿಡಿಯುವುದರೊಳಗೆ ಹಾಕಬೇಕು.