ಹಳೇ ವಾಚಿನ ಸರ್ವಿಸ್‌ಗೆ ಎಷ್ಟು ದಿನ ಬೇಕು?

ಬೀರುವಿನ ಮೂಲೆಯಲ್ಲಿದ್ದ ಅಜ್ಜನ ಎಚ್‌ಎಂಟಿ ಜನತಾ ವಾಚು ಕೈಗೆ ಸಿಕ್ಕಿದೆ. ಕೀ ಕೊಟ್ಟರೆ ಎರಡು ನಿಮಿಷ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ರಿಪೇರಿ ಅಂಗಡಿಗೆ ಹೋದರೆ ಒಬ್ಬರು ‘ಸಂಜೆ ಬನ್ನಿ, ರೆಡಿ ಇರುತ್ತೆ’ ಅನ್ನುತ್ತಾರೆ. ಇನ್ನೊಬ್ಬರು ‘ಒಂದು ತಿಂಗಳು ಬಿಟ್ಟು ಫೋನ್ ಮಾಡಿ ಸಾರ್’ ಅನ್ನುತ್ತಾರೆ. ಯಾರ ಕೈಗೆ ಕೊಡುವುದು?

ಎರಡನೆಯವರ ಕೈಗೆ. ಆದರೆ ಆ ಒಂದು ತಿಂಗಳು ಯಾಕೆ ಅಂತ ಕೇಳಿಯೇ ಕೊಡಬೇಕು.

ನನ್ನ ಲೆಕ್ಕ ಇಷ್ಟು. ದಿನಾ ಕೀ ಕೊಡುವ, ತಾರೀಖು ತೋರಿಸದ ಸಾದಾ ವಾಚಿಗೆ ಎರಡರಿಂದ ಮೂರು ವಾರ ಸರಿಯಾದ ಸಮಯ. ವಾರ, ತಾರೀಖು ಎರಡೂ ಇರುವ ಆಟೊಮ್ಯಾಟಿಕ್ ಆದರೆ ಒಂದು ತಿಂಗಳು, ಸ್ವಲ್ಪ ಜಾಸ್ತಿಯೂ ಆಗಬಹುದು. ಪಾರ್ಟ್ಸ್ ಹುಡುಕಬೇಕಾದರೆ ಎರಡು ಮೂರು ತಿಂಗಳು ಹಿಡಿದರೂ ಬೇಸರ ಬೇಡ. ಇಷ್ಟೆಲ್ಲ ದಿನಗಳಲ್ಲಿ ವಾಚಿನ ಮೇಲೆ ನಿಜವಾಗಿ ಕೈಯಾಡಿಸುವುದು ಸಾದಾ ವಾಚಿಗೆ ಮೂರು ನಾಲ್ಕು ಗಂಟೆ ಮಾತ್ರ. ಉಳಿದದ್ದು ಸರದಿ, ಪಾರ್ಟ್ಸ್ ಮತ್ತು ಪರೀಕ್ಷೆ. ಅದರಲ್ಲಿ ಪರೀಕ್ಷೆಗೆ ಹಿಡಿಯುವ ದಿನಗಳನ್ನು ಮಾತ್ರ ಯಾರೂ ಕಡಿಮೆ ಮಾಡಲು ಆಗುವುದಿಲ್ಲ, ಮಾಡಲೂಬಾರದು.

ಮೊದಲು: ಸರ್ವಿಸೇ ಬೇಕಾ ನೋಡಿ

ಕೆಲವು ಕೆಲಸ ನಿಜಕ್ಕೂ ನಿಂತ ನಿಲುವಿನಲ್ಲಿ ಆಗುತ್ತವೆ. ಗ್ಲಾಸ್ ಬದಲಿಸುವುದು, ಬೆಲ್ಟ್ ಹಾಕುವುದು, ಗೀರು ಬಿದ್ದ ಪ್ಲಾಸ್ಟಿಕ್ ಗ್ಲಾಸಿಗೆ ಪಾಲಿಶ್ ಮಾಡುವುದು ಇಂಥವು. ನಿನ್ನೆವರೆಗೆ ಸರಿಯಾಗಿದ್ದ ವಾಚು ಇವತ್ತು ಇದ್ದಕ್ಕಿದ್ದಂತೆ ಹತ್ತಿಪ್ಪತ್ತು ನಿಮಿಷ ಮುಂದೆ ಓಡುತ್ತಿದ್ದರೆ ಅದಕ್ಕೆ ಅಯಸ್ಕಾಂತ ಹಿಡಿದಿರಬಹುದು. ಸ್ಪೀಕರ್ ಪಕ್ಕದಲ್ಲೋ, ಅಯಸ್ಕಾಂತದ ಮುಚ್ಚಳ ಇರುವ ಮೊಬೈಲ್ ಕವರಿನ ಮೇಲೋ ಇಟ್ಟರೆ ಹೀಗಾಗುತ್ತದೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ಸ್ಪ್ರಿಂಗ್ ಗಿಡ್ಡವಾದ ಹಾಗೆ ಆಗಿ ವಾಚು ಓಟಕ್ಕೆ ಬೀಳುತ್ತದೆ. ಅಯಸ್ಕಾಂತ ತೆಗೆಯುವ ಪುಟ್ಟ ಯಂತ್ರದಲ್ಲಿ ಇದು ಅರೆ ನಿಮಿಷದ ಕೆಲಸ.

ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ವಾಚಿನ ಕಥೆ ಬೇರೆ. ಅದರೊಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೆಯೇ ಕೀ ಕೊಟ್ಟು ಓಡಿಸಿದರೆ, ಆ ಅಂಟಿಗೆ ಲೋಹದ ಪುಡಿ ಸೇರಿ ಚಕ್ರಗಳ ಅಚ್ಚನ್ನು ಸವೆಸುತ್ತದೆ. ‘ಓಡ್ತಾ ಇದೆಯಲ್ಲ, ಸರ್ವಿಸ್ ಯಾಕೆ’ ಅನ್ನುವವರು ಇದನ್ನು ಗಮನಿಸಬೇಕು. ಬೀರುವಿನಿಂದ ತೆಗೆದ ವಾಚಿಗೆ ಪದೇ ಪದೇ ಕೀ ಕೊಟ್ಟು ನೋಡಬೇಡಿ. ಹಾಗೇ ಅಂಗಡಿಗೆ ಒಯ್ಯಿರಿ.

ಕೊಡುವಾಗ

ಹಿಂಬದಿ ಮುಚ್ಚಳ ತೆಗೆಸಿ, ಒಳಗಿನ ಮಿಷಿನ್‌ನ ಫೋಟೊ ತೆಗೆದುಕೊಳ್ಳಿ. ಡಯಲ್, ಮುಳ್ಳು, ಕೀ, ಕೇಸ್ ಎಲ್ಲದರ ಫೋಟೊ ಇರಲಿ. ಇದು ಅನುಮಾನದ ಮಾತಲ್ಲ. ಒಳ್ಳೆಯ ರಿಪೇರಿಯವರು ತಾವೂ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ.

ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಪೂರ್ತಿ ಬಿಚ್ಚುತ್ತೀರಾ? ನಿಮ್ಮ ಮುಂದೆ ಎಷ್ಟು ವಾಚಿನ ಸರದಿ ಇದೆ? ಜೋಡಿಸಿದ ಮೇಲೆ ಎಷ್ಟು ದಿನ ಓಡಿಸಿ ನೋಡುತ್ತೀರಿ? ಪಾರ್ಟ್ ಬೇಕಾದರೆ ಹಾಕುವ ಮುಂಚೆ ನನಗೆ ಫೋನ್ ಮಾಡುತ್ತೀರಾ? ಮೂರನೆಯದೇ ಮುಖ್ಯ. ಅದಕ್ಕೆ ‘ಓಡಿಸಿ ನೋಡೋದೇನು, ಜೋಡಿಸಿದ್ರೆ ಓಡತ್ತೆ’ ಅನ್ನುವ ಉತ್ತರ ಬಂದರೆ ವಾಚನ್ನು ವಾಪಸ್ ಜೇಬಿಗೆ ಹಾಕಿಕೊಳ್ಳಿ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿ: ಡಯಲ್ ಮುಟ್ಟಬೇಡಿ. ಹಳೇ ಡಯಲ್ ಸ್ವಲ್ಪ ಕಂದಿದ್ದರೆ ಕಂದಿರಲಿ. ಹೊಸದಾಗಿ ಬಣ್ಣ ಬಳಿಸಿ, ಅಕ್ಷರ ಅಚ್ಚು ಹಾಕಿಸಿದರೆ ವಾಚು ಹೊಳೆಯುತ್ತದೆ, ಆದರೆ ಅಜ್ಜ ನೋಡುತ್ತಿದ್ದ ಮುಖ ಹೋಗಿಬಿಡುತ್ತದೆ.

ಮೇಜಿನ ಮೇಲೆ ಏನಾಗುತ್ತದೆ

ಮೊದಲು ಮೇನ್‌ಸ್ಪ್ರಿಂಗಿನಲ್ಲಿ, ಅಂದರೆ ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗಿನಲ್ಲಿ, ಉಳಿದಿರುವ ಬಿಗಿ ಬಿಡಿಸುತ್ತಾರೆ. ಅದನ್ನು ಮರೆತು ಸ್ಕ್ರೂ ಬಿಚ್ಚಿದರೆ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ ಹಲ್ಲು ಮುರಿಯಬಹುದು. ಮುಳ್ಳು, ಡಯಲ್, ಅತ್ತಿತ್ತ ತೂಗುತ್ತ ವಾಚಿನ ವೇಗ ಹಿಡಿದಿಡುವ ಬ್ಯಾಲೆನ್ಸ್ ಚಕ್ರ, ಅದನ್ನು ತಟ್ಟಿ ಓಡಿಸುವ ಪುಟ್ಟ ಕವಲು, ಉಳಿದ ಚಕ್ರಗಳು, ಮೇನ್‌ಸ್ಪ್ರಿಂಗ್ ಇರುವ ಡಬ್ಬಿ, ಹೀಗೆ ಒಂದೊಂದಾಗಿ ಹೊರಗೆ ಬರುತ್ತವೆ. ಎಲ್ಲವನ್ನೂ ತೊಳೆಯುವ ಯಂತ್ರಕ್ಕೆ ಹಾಕಿ, ಬೇರೆ ಬೇರೆ ದ್ರಾವಣದಲ್ಲಿ ತೊಳೆದು ಒಣಗಿಸುತ್ತಾರೆ. ಅಂಟು ಜಾಸ್ತಿ ಇದ್ದರೆ ಮೊನೆ ಮಾಡಿದ ಮರದ ಕಡ್ಡಿಯನ್ನು ಚಕ್ರದ ಅಚ್ಚು ಕೂರುವ ಪುಟ್ಟ ಕಲ್ಲಿನ ರಂಧ್ರಕ್ಕೆ ಇಟ್ಟು ತಿರುಗಿಸುತ್ತಾರೆ. ಕಡ್ಡಿಯ ತುದಿ ಕಪ್ಪಾಗಿ ಬಂದರೆ ಮತ್ತೆ ಚೂಪು ಮಾಡಿ ಇನ್ನೊಮ್ಮೆ. ಬೆಳ್ಳಗೆ ಬರುವವರೆಗೂ ಇದೇ ಕೆಲಸ. ಡಯಲಿನ ಮೇಲೆ ‘17 ಜ್ಯೂಯೆಲ್ಸ್’ ಅಂತ ಬರೆದಿರುತ್ತದೆ ಅಲ್ವಾ, ಆ ಹದಿನೇಳು ಕಲ್ಲುಗಳೂ ಶುದ್ಧವಾಗಬೇಕು.

ಜೋಡಿಸುವಾಗ ನೋಡಲೇಬೇಕಾದ ಒಂದು ಘಳಿಗೆ ಇದೆ. ಚಕ್ರಗಳನ್ನೆಲ್ಲ ಕೂರಿಸಿರುತ್ತಾರೆ, ಕವಲು ಇನ್ನೂ ಹಾಕಿರುವುದಿಲ್ಲ. ಆಗ ಕೀಯನ್ನು ಸ್ವಲ್ಪವೇ ತಿರುಗಿಸುತ್ತಾರೆ. ತಡೆಯುವವರು ಯಾರೂ ಇಲ್ಲದ ಕಾರಣ ಚಕ್ರಗಳು ಸರ್ರನೆ ತಿರುಗುತ್ತವೆ. ನಿಲ್ಲುವ ಹೊತ್ತಿಗೆ ಕೊನೆಯ ಚಕ್ರ ಒಂದಿಷ್ಟು ಹಿಂದಕ್ಕೆ ತೊನೆದು ನಿಂತರೆ ಎಲ್ಲೂ ತಡೆ ಇಲ್ಲ ಅಂತ ಅರ್ಥ. ಧಡಕ್ಕನೆ ನಿಂತರೆ ಎಲ್ಲೋ ಕೊಳೆ ಇದೆ, ಇಲ್ಲವೇ ಅಚ್ಚು ಸೊಟ್ಟಗಾಗಿದೆ. ಮತ್ತೆ ಬಿಚ್ಚಬೇಕು. ಹೀಗೆ ಮತ್ತೆ ಬಿಚ್ಚುವ ತಾಳ್ಮೆ ಇದ್ದವರ ಕೈಯಲ್ಲೇ ವಾಚು ಉಳಿಯುವುದು.

ಎಣ್ಣೆಯೂ ಒಂದೇ ಬಗೆಯದಲ್ಲ. ವೇಗವಾಗಿ ಆಡುವ ಬ್ಯಾಲೆನ್ಸಿಗೆ ತೆಳು ಎಣ್ಣೆ, ನಿಧಾನಕ್ಕೆ ತಿರುಗುವ ಚಕ್ರಗಳಿಗೆ ಮಂದ ಎಣ್ಣೆ, ಕೀ ತಿರುಗುವ ಕಡೆ ಗ್ರೀಸ್. ಸೂಜಿಯಂಥ ಕಡ್ಡಿಯಲ್ಲಿ ಎತ್ತಿಡುವ ಹನಿ ಬರಿಗಣ್ಣಿಗೆ ಕಾಣುವುದೂ ಕಷ್ಟ. ಜಾಸ್ತಿ ಹಾಕಿದರೆ ಹರಿದು ಬೇಕಾದ ಜಾಗವೇ ಒಣಗುತ್ತದೆ. ಸಂಜೆಯೊಳಗೆ ರೆಡಿ ಮಾಡಿಕೊಡುವ ‘ಆಯಿಲಿಂಗ್’ ಎಂದರೆ ಸಾಮಾನ್ಯವಾಗಿ ಬಿಚ್ಚದೆ, ಹಳೇ ಅಂಟಿನ ಮೇಲೆಯೇ ಹೊಸ ಹನಿ ಬಿಡುವುದು. ವಾಚು ಕೆಲವು ದಿನ ಓಡುತ್ತದೆ. ಮತ್ತೆ ನಿಲ್ಲುತ್ತದೆ, ಈ ಸಲ ಒಳಗೆ ಇನ್ನಷ್ಟು ಸವೆದು.

ಪರೀಕ್ಷೆಯ ದಿನಗಳು

ಕೀ ಕೊಡುವ ಎಚ್‌ಎಂಟಿ ಗಂಟೆಗೆ 18,000 ಸಲ ಟಿಕ್ ಅನ್ನುತ್ತದೆ. ದಿನಕ್ಕೆ 4,32,000 ಸಲ. ವಾಚು ದಿನಕ್ಕೆ ಹತ್ತು ಸೆಕೆಂಡ್ ಹಿಂದೆ ಬೀಳುತ್ತದೆ ಎಂದರೆ ಅಷ್ಟು ಟಿಕ್‌ಗಳಲ್ಲಿ ಐವತ್ತು ಮಾತ್ರ ತಪ್ಪಿವೆ.

ಟೈಮ್‌ಗ್ರಾಫರ್ ಎಂಬ ಯಂತ್ರ ಈ ಟಿಕ್ ಸದ್ದು ಕೇಳಿಸಿಕೊಂಡು ಅರೆ ನಿಮಿಷದಲ್ಲಿ ಲೆಕ್ಕ ತೋರಿಸುತ್ತದೆ. ವಾಚು ಮುಂದೋ ಹಿಂದೋ, ಬ್ಯಾಲೆನ್ಸ್ ಎಷ್ಟು ಡಿಗ್ರಿ ತೂಗುತ್ತಿದೆ ಅನ್ನುವುದೆಲ್ಲ ಗೊತ್ತಾಗುತ್ತದೆ. ಪೂರ್ತಿ ಕೀ ಕೊಟ್ಟ ಮೇಲೆ 270 ಡಿಗ್ರಿ ಆಸುಪಾಸು ಇದ್ದರೆ ಆರೋಗ್ಯವಾಗಿದೆ. ಐವತ್ತು ವರ್ಷದ ವಾಚಿಗೆ 250 ಬಂದರೂ ನನಗೆ ಖುಷಿಯೇ. 200ಕ್ಕಿಂತ ಕೆಳಗಿದ್ದರೆ ಕೆಲಸ ಮುಗಿದಿಲ್ಲ.

ಆದರೆ ಯಂತ್ರ ನೋಡಿದ್ದು ಆ ಅರೆ ನಿಮಿಷವನ್ನು ಮಾತ್ರ. ಡಯಲ್ ಮೇಲಾಗಿ ಇಟ್ಟಾಗ ಚೆನ್ನಾಗಿ ಓಡುವ ವಾಚು ಕೀ ಕೆಳಗಾಗಿ ನಿಲ್ಲಿಸಿದಾಗ ಹಿಂದೆ ಬೀಳಬಹುದು. ಕೀ ಕೊಟ್ಟ ಹೊಸದರಲ್ಲಿ ಸರಿ ಇದ್ದದ್ದು, ಬಿಗಿ ಇಳಿದ ಮೇಲೆ ಸೋಲಬಹುದು. ಪೂರ್ತಿ ಕೀ ಕೊಟ್ಟು ತಾನಾಗಿ ನಿಲ್ಲುವವರೆಗೆ ಒಮ್ಮೆ ಓಡಿಸಿ ನೋಡಲಿಕ್ಕೇ ಒಂದೂವರೆ ದಿನ ಬೇಕು. ಆಮೇಲೆ ಚೂರು ಹೊಂದಿಸಿ ಮತ್ತೊಂದು ದಿನ ಕಾಯಬೇಕು. ತಾರೀಖು ಇರುವ ವಾಚಿನಲ್ಲಿ ಅದು ನಡುರಾತ್ರಿ ತಾನಾಗಿ ಬದಲಾಗುತ್ತದಾ ಅಂತ ನಾಲ್ಕೈದು ರಾತ್ರಿಯಾದರೂ ನೋಡಬೇಕು. ಆಟೊಮ್ಯಾಟಿಕ್ ಆದರೆ ಕೈಯಾಡಿಸಿದಷ್ಟಕ್ಕೇ ಸಾಕಷ್ಟು ಕೀ ತುಂಬಿಕೊಳ್ಳುತ್ತದಾ ಅಂತಲೂ ನೋಡಬೇಕು. ಸಾದಾ ವಾಚಿಗೆ ಐದು ದಿನ, ಆಟೊಮ್ಯಾಟಿಕ್‌ಗೆ ಒಂದು ವಾರದಿಂದ ಹತ್ತು ದಿನ ಪರೀಕ್ಷೆಗೇ ಇರಲಿ.

ಪಾರ್ಟ್ಸ್ ಬೇಕಾದರೆ

ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ವಾಚು ಕಂಪನಿ ಮುಚ್ಚುವ ತೀರ್ಮಾನವಾಯಿತು. ಹಾಗಾಗಿ ಈಗ ಪಾರ್ಟ್ಸ್ ಅಂದರೆ ಹಳೇ ದಾಸ್ತಾನು, ಇಲ್ಲವೇ ಕೆಟ್ಟುಹೋದ ಇನ್ನೊಂದು ವಾಚಿನಿಂದ ಬಿಚ್ಚಿದ್ದು. ಸಮಾಧಾನದ ವಿಷಯ ಏನೆಂದರೆ ಕೀ ಕೊಡುವ ಎಚ್‌ಎಂಟಿಗಳಲ್ಲಿ ಹಲವು ಮಾಡೆಲ್‌ಗಳಿಗೆ ಒಂದೇ ಬಗೆಯ ಮಿಷಿನ್ ಹಾಕುತ್ತಿದ್ದರು. ಮೇನ್‌ಸ್ಪ್ರಿಂಗ್, ಕೀ, ಅದರ ಕಡ್ಡಿ ಇಂಥವು ಅಷ್ಟು ಕಷ್ಟವಿಲ್ಲದೆ ಸಿಗುತ್ತವೆ.

ಕಷ್ಟವಾಗುವುದು ಬ್ಯಾಲೆನ್ಸಿನ ಅಚ್ಚು ಮುರಿದಾಗ. ಅದರ ತುದಿ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು ದಪ್ಪ. ವಾಚು ನೆಲಕ್ಕೆ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ. ಪೂರ್ತಿ ಬ್ಯಾಲೆನ್ಸ್ ಸಿಕ್ಕಿದರೆ ಬೇಗ ಆಗುತ್ತದೆ. ಅಚ್ಚನ್ನು ಮಾತ್ರ ಬದಲಿಸಬೇಕಾದರೆ ಅದನ್ನು ಬಲ್ಲವರು ಕಡಿಮೆ. ಇಂಥ ಕೆಲಸಕ್ಕೆ ಮೂರು ತಿಂಗಳು ಕೇಳಿದರೆ ಕೊಡಿ. ಬಿಚ್ಚಿ ತೆಗೆದ ಹಳೇ ಪಾರ್ಟ್ ವಾಪಸ್ ಕೊಡಿ ಅಂತ ಮೊದಲೇ ಹೇಳಿಡಿ.

ತಡವಾದಾಗ

ಹೇಳಿದ ದಿನ ದಾಟಿ ಒಂದು ವಾರದವರೆಗೆ ಸುಮ್ಮನಿರಿ. ಆಮೇಲೆ ಫೋನ್ ಮಾಡಿ, ‘ಆಯ್ತಾ’ ಅಂತ ಕೇಳುವ ಬದಲು ‘ಈಗ ಯಾವ ಹಂತದಲ್ಲಿದೆ’ ಅಂತ ಕೇಳಿ. ಸರದಿಯಲ್ಲಿದೆ, ತೊಳೆದಿದ್ದಾಗಿದೆ, ಪಾರ್ಟ್ ಬರಬೇಕು, ಓಡಿಸಿ ನೋಡ್ತಾ ಇದ್ದೀನಿ, ಇವುಗಳಲ್ಲಿ ಒಂದು ಉತ್ತರ ಸಿಕ್ಕಿದರೆ ಸಾಕು. ಪ್ರತಿ ಸಲ ‘ನಾಳೆ’ ಅಂತಲೇ ಬಂದರೆ, ಬಿಚ್ಚಿದ್ದ ಪಾರ್ಟ್ಸ್ ಎಲ್ಲವನ್ನೂ ಫೋಟೊ ಜೊತೆ ತಾಳೆ ನೋಡಿ ವಾಪಸ್ ತೆಗೆದುಕೊಳ್ಳುವುದೇ ವಾಸಿ.

ಮನೆಗೆ ಬಂದ ಮೇಲೆ

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಕೀ ಬಿಗಿಯಾಗುವವರೆಗೆ ಕೊಟ್ಟು ನಿಲ್ಲಿಸಿ. ನೀರಿನಿಂದ ದೂರ ಇಡಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖನ್ನು ಕೈಯಿಂದ ಬದಲಿಸಬೇಡಿ, ಆಗ ಒಳಗಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಒಂದು ವಾರ ಫೋನಿನ ಗಡಿಯಾರದ ಜೊತೆ ಹೋಲಿಸಿ ಬರೆದಿಡಿ. ದಿನಕ್ಕೆ ಅರ್ಧ ನಿಮಿಷದೊಳಗೆ ಹೆಚ್ಚುಕಮ್ಮಿ ಇದ್ದರೆ ಹಳೇ ವಾಚಿಗೆ ಅದು ಒಳ್ಳೆಯ ಓಟ. ಅದಕ್ಕಿಂತ ಜಾಸ್ತಿ ಇದ್ದರೆ ಬರೆದಿಟ್ಟ ಚೀಟಿಯ ಜೊತೆ ವಾಚನ್ನು ಅವರಿಗೇ ತೋರಿಸಿ. ಎತ್ತ ಕಡೆ, ಎಷ್ಟು ಸೆಕೆಂಡ್ ಅಂತ ಗೊತ್ತಿದ್ದರೆ ಸರಿ ಮಾಡುವುದು ಹತ್ತು ನಿಮಿಷದ ಕೆಲಸ.