ಐವತ್ತೇಳು ಓದುಗರಿಗೆ ಒಂದು ಜೆರಾಕ್ಸ್

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ತಾಲ್ಲೂಕು ಕಚೇರಿಯ ಎದುರಿಗೆ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. 2021ರ ಮೇ ತಿಂಗಳಲ್ಲಿ ಎರಡನೇ ಅಲೆಯ ಲಾಕ್‌ಡೌನ್ ಬಂದು ಷಟರ್ ಎಳೆದ ಮೇಲೆ ಮನೆಯಲ್ಲಿ ಕುಳಿತು ಯೂಟ್ಯೂಬ್ ನೋಡುತ್ತಾ ನಾನೂ ಒಂದು ಬ್ಲಾಗ್ ಶುರು ಮಾಡಿದೆ. ಬರೆಯುವ ಹುಚ್ಚಿನಿಂದಲ್ಲ, ದುಡ್ಡಿಗಾಗಿ. ಆ ವಿಡಿಯೊಗಳಲ್ಲಿ ಎಲ್ಲರೂ ತಿಂಗಳಿಗೆ ಐವತ್ತು ಸಾವಿರ, ಲಕ್ಷ ಎನ್ನುತ್ತಿದ್ದರು. ಅದು ಯಾವ ಭಾಷೆಯ ಬ್ಲಾಗಿನಿಂದ ಬಂದದ್ದು ಎಂದು ಒಬ್ಬರೂ ಹೇಳಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ವಿಳಾಸದ ಹೆಸರು ಕೊಳ್ಳಲು ಏಳುನೂರು ರೂಪಾಯಿ, ಬ್ಲಾಗನ್ನು ಇಡುವ ಜಾಗಕ್ಕೆ, ಅಂದರೆ ಹೋಸ್ಟಿಂಗಿಗೆ, ಮೊದಲ ವರ್ಷ ಒಂದೂವರೆ ಸಾವಿರ. ಮೊದಲ ನಲವತ್ತು ಬರಹಗಳನ್ನು ಈಗ ನೆನೆದರೆ ನಗು ಬರುತ್ತದೆ. ಬೆಳಿಗ್ಗೆ ಬಿಸಿನೀರು ಕುಡಿದರೆ ಏನಾಗುತ್ತದೆ, ಯಶಸ್ಸಿಗೆ ಏಳು ಸೂತ್ರ, ತುಳಸಿಯ ಹತ್ತು ಉಪಯೋಗ. ಒಂಬತ್ತನ್ನು ಅಲ್ಲಿ ಇಲ್ಲಿ ಹೆಕ್ಕಿ ಬರೆದೆ. ಹತ್ತನೆಯದು ಸಿಗದೆ ‘ಮನೆಯ ಮುಂದೆ ಇದ್ದರೆ ಲಕ್ಷಣವಾಗಿ ಕಾಣುತ್ತದೆ’ ಎಂದು ಸೇರಿಸಿದೆ. ನನ್ನದು ಎಂದು ಹೇಳಬಹುದಾದ ವಾಕ್ಯ ಅದೊಂದೇ ಇರಬೇಕು. ದಿನಕ್ಕೆ ಹತ್ತೋ ಹನ್ನೆರಡೋ ಜನ ಬರುತ್ತಿದ್ದರು. ಅದರಲ್ಲಿ ನಾಲ್ಕು ಬಾರಿ ಬಂದವನು ನಾನೇ.

ಬ್ಲಾಗಿನಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್‌ಗೆ ಅರ್ಜಿ ಹಾಕಿದೆ, ತಿರಸ್ಕಾರವಾಯಿತು. ಮತ್ತೆ ಹಾಕಿದೆ, ಮತ್ತೆ ಹಾಗೆಯೇ. ಪುಟಗಳಲ್ಲಿ ಹುರುಳಿಲ್ಲ ಎಂಬುದು ಅವರ ಉತ್ತರದ ಸಾರಾಂಶ. ಆಗ ಸಿಟ್ಟು ಬಂದಿತ್ತು. ನಾನೇ ಅಧಿಕಾರಿಯಾಗಿದ್ದರೂ ಅದನ್ನೇ ಬರೆಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಭಾಷೆಯ ಕಾರಣ ಕೊಡುವಂತೆಯೂ ಇರಲಿಲ್ಲ. ಆಡ್‌ಸೆನ್ಸ್ ಹಿಂದಿ ಪುಟಗಳಿಗೆ 2014ರ ಕೊನೆಯಲ್ಲೇ ಬಾಗಿಲು ತೆರೆದಿತ್ತು, ಕನ್ನಡದ ಸರದಿ ಬಂದದ್ದು ವರ್ಷಗಳ ನಂತರ ಎಂಬುದು ನಿಜ. ಆದರೆ ನಾನು ಹೋಗುವ ಹೊತ್ತಿಗೆ ಕನ್ನಡವೂ ಪಟ್ಟಿಯಲ್ಲಿತ್ತು.

ದಾರಿ ತಿರುಗಿದ್ದು ಅಂಗಡಿಯ ಕೌಂಟರಿನಲ್ಲಿ. ಲಾಕ್‌ಡೌನ್ ತೆಗೆದ ಮೇಲೆ ಬಂದವರಲ್ಲಿ ಬಹಳ ಮಂದಿ ಮನೆಯ ಹಿರಿಯರನ್ನು ಕಳೆದುಕೊಂಡವರು. ಜಮೀನು ಅಪ್ಪನ ಹೆಸರಿನಲ್ಲೋ ತಾತನ ಹೆಸರಿನಲ್ಲೋ ಇತ್ತು. ಎಲ್ಲರದೂ ಒಂದೇ ಪ್ರಶ್ನೆ: ‘ಪೌತಿ ಖಾತೆಗೆ ಏನೇನು ಬೇಕು?’ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಎಂದು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಪಟ್ಟಿ ಕೊಟ್ಟರೆ ಸಾಲದು ಎಂಬುದೂ ಗೊತ್ತಿತ್ತು. ಮರಣ ಪತ್ರದಲ್ಲಿ ‘ತಿಮ್ಮಯ್ಯ’, ಪಹಣಿಯಲ್ಲಿ ‘ತಿಮ್ಮಣ್ಣ ಬಿನ್ ಕೆಂಪಯ್ಯ’ ಎಂದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಬಿಟ್ಟುಬಿಡುವವರಿದ್ದಾರೆ, ಆಮೇಲೆ ತಕರಾರು ಅರ್ಜಿ ಬರುತ್ತದೆ. ಒಂದು ಸಂಜೆ ಇದೆಲ್ಲವನ್ನೂ, ಕೌಂಟರಿನಲ್ಲಿ ಹೇಳುವ ಕ್ರಮದಲ್ಲೇ, ಹೆಸರು ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದರಿಂದ ಹಿಡಿದು ಬರೆದು ಹಾಕಿದೆ. ಎರಡು ಗಂಟೆ ಹಿಡಿಯಿತು. ತುಳಸಿಗೆ ಮೂರು ದಿನ ಹಿಡಿದಿತ್ತು.

ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳಿನಿಂದ ದಿನಕ್ಕೆ ಮೂವತ್ತು, ನಲವತ್ತು, ಎಂಬತ್ತು ಜನ ಆ ಒಂದು ಪುಟಕ್ಕೇ ಬರತೊಡಗಿದರು. ಅದರ ಹಿಂದೆಯೇ, ಜಮೀನಿನ ಒಂದು ಭಾಗವನ್ನು ಮಾರಲು ಬೇಕಾಗುವ 11ಇ ನಕ್ಷೆ ಬಗ್ಗೆ ಬರೆದೆ, ಪಹಣಿಯ ಕಾಲಂಗಳನ್ನು ಓದುವುದು ಹೇಗೆ ಎಂದು ಬರೆದೆ, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಮಾಡಿಸುವುದನ್ನು ಬರೆದೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಜನ ಏನು ಟೈಪ್ ಮಾಡಿ ನಮ್ಮ ಪುಟಕ್ಕೆ ಬಂದರು ಎಂಬ ಪಟ್ಟಿ ಸಿಗುತ್ತದೆ. ಅದನ್ನು ತೆರೆದ ದಿನ ನನಗೆ ಆಶ್ಚರ್ಯವಾಯಿತು. ಅರ್ಧಕ್ಕಿಂತ ಹೆಚ್ಚು ಜನ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿದ್ದರು, ‘ಪೌತಿ’ಯನ್ನೇ ಆರು ಬಗೆಯ ಸ್ಪೆಲ್ಲಿಂಗಿನಲ್ಲಿ. ಕನ್ನಡ ಓದುತ್ತಾರೆ, ಟೈಪ್ ಮಾಡುವುದು ಮಾತ್ರ ಹೀಗೆ. ಒಬ್ಬರು ‘ತಾತನ ಜಮೀನು ಅಪ್ಪ ಮಾರಬಹುದಾ’ ಎಂದು ಇಡೀ ವಾಕ್ಯವನ್ನೇ ಕೇಳಿದ್ದರು. ಅದಕ್ಕೆ ಉತ್ತರ ಬರೆಯಲು ಕೈ ಚಾಚಿ ಹಿಂದೆಗೆದೆ. ಅದು ವಕೀಲರ ಕೆಲಸ.

ಒಂದು ತಪ್ಪನ್ನೂ ಮಾಡಿದೆ. ಪಹಣಿ ಓದುವ ಬಗ್ಗೆ ಬರೆದಾಗ ಯಾರದೋ ಪಹಣಿಯ ಫೋಟೊವನ್ನು ಹಾಗೆಯೇ ಹಾಕಿಬಿಟ್ಟಿದ್ದೆ, ಹೆಸರು, ಸರ್ವೆ ನಂಬರ್ ಸಮೇತ. ಆ ಮನೆಯ ದಾಯಾದಿ ಬೆಂಗಳೂರಿನಲ್ಲಿ ಅದನ್ನು ನೋಡಿ, ಸಾಲದ ಕಾಲಂ ಓದಿ, ಊರಿಗೆ ಫೋನ್ ಮಾಡಿ ಜಗಳ ತೆಗೆದಿದ್ದ. ಪಹಣಿಯವರು ಅಂಗಡಿಗೆ ಬಂದು ಎಲ್ಲರೆದುರು ನನಗೆ ಬೈದರು. ಬೈಸಿಕೊಂಡೆ. ಅಂದಿನಿಂದ ಮಾದರಿ ಪಹಣಿಯನ್ನು ನಾನೇ ಟೈಪ್ ಮಾಡಿ, ‘ರಾಮಪ್ಪ ಬಿನ್ ಭೀಮಪ್ಪ’ ಎಂದು ಹಾಕುತ್ತೇನೆ.

ಮೂರನೆಯ ಅರ್ಜಿಗೆ, 2022ರ ಆಗಸ್ಟ್‌ನಲ್ಲಿ, ಒಪ್ಪಿಗೆ ಸಿಕ್ಕಿತು. ತುಳಸಿ, ಬಿಸಿನೀರು, ಏಳು ಸೂತ್ರ ಎಲ್ಲವನ್ನೂ ಅಳಿಸಿ ಹದಿನೈದು ಬರಹ ಮಾತ್ರ ಉಳಿಸಿಕೊಂಡಿದ್ದೆ. ಮೊದಲ ದಿನ ಸಂಜೆ ಖಾತೆಯಲ್ಲಿ ನಾಲ್ಕು ಸೆಂಟ್ ಇತ್ತು. ಹೆಂಡತಿಗೆ ತೋರಿಸಿದೆ. ‘ಎಷ್ಟಾಯಿತು ನಮ್ಮ ದುಡ್ಡಿನಲ್ಲಿ?’ ಎಂದಳು. ‘ಮೂರು ರೂಪಾಯಿ’ ಎಂದೆ. ‘ಕರೆಂಟು ಬಿಲ್ಲು?’ ಎಂದಳು.

ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಪುಟಗಳನ್ನು ಸಾವಿರ ಬಾರಿ ತೆರೆದರೆ ಸರಾಸರಿ ಮೂವತ್ತೈದು ರೂಪಾಯಿ ಬರುತ್ತದೆ. ಅಂದರೆ ಒಬ್ಬ ಓದುಗನಿಗೆ ಮೂರೂವರೆ ಪೈಸೆ. ಅಂಗಡಿಯಲ್ಲಿ ಒಂದು ಜೆರಾಕ್ಸ್ ಹಾಳೆಗೆ ಎರಡು ರೂಪಾಯಿ. ಐವತ್ತೇಳು ಜನ ಓದಿದರೆ ಒಂದು ಹಾಳೆ ಜೆರಾಕ್ಸ್ ಮಾಡಿದಷ್ಟು. ಇಂಗ್ಲಿಷಿನಲ್ಲಿ, ಅದೂ ಅಮೆರಿಕದ ಓದುಗರಿಗೆ, ಸಾಲ ಅಥವಾ ವಿಮೆಯ ಬಗ್ಗೆ ಬರೆಯುವವರಿಗೆ ಇದರ ಎಷ್ಟೋ ಪಟ್ಟು ಬರುತ್ತದೆ. ಅಲ್ಲಿನ ಕಂಪನಿಗಳು ಒಬ್ಬ ಗಿರಾಕಿಗಾಗಿ ಪೈಪೋಟಿಗೆ ಬಿದ್ದು ಹರಾಜು ಕೂಗುತ್ತವೆ. ಪೌತಿ ಖಾತೆ ಹುಡುಕುವ ರೈತನಿಗಾಗಿ ಯಾವ ಕಂಪನಿ ಹರಾಜು ಕೂಗುತ್ತದೆ? ಯೂಟ್ಯೂಬ್ ವಿಡಿಯೊಗಳ ಐವತ್ತು ಸಾವಿರ ಎಲ್ಲಿಂದ ಬಂತು ಎಂಬುದು ಅರ್ಥವಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಹತ್ತು ಡಾಲರ್ ದಾಟಿದರೆ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಒಂದು ಕಾರ್ಡ್ ಬರುತ್ತದೆ. ನಾನು ವಿಳಾಸದಲ್ಲಿ ಮನೆ ನಂಬರ್ ಬರೆದಿದ್ದೆ. ನಮ್ಮೂರಿನಲ್ಲಿ ಮನೆ ನಂಬರ್ ಯಾರಿಗೆ ಗೊತ್ತು? ಒಂದು ತಿಂಗಳು ಕಾದೆ. ಕೊನೆಗೆ ಅದೇ ಹೆಸರಿನ ಇನ್ನೊಬ್ಬರ ಹಿಟ್ಟಿನ ಗಿರಣಿಯಲ್ಲಿ, ತಕ್ಕಡಿಯ ಪಕ್ಕ, ರಾಗಿ ಹಿಟ್ಟಿನ ಧೂಳು ಮೆತ್ತಿಕೊಂಡು ಅದು ಸಿಕ್ಕಿತು. ‘ಯಾವುದೋ ಲಾಟರಿಯದು ಅಂದುಕೊಂಡೆ’ ಎಂದರು ಅವರು. ಮೂರು ಅಂಚನ್ನೂ ರಂಧ್ರದ ಗುರುತಿನಲ್ಲಿ ಹರಿದು ತೆಗೆದರೆ ಒಳಗೆ ಆರು ಅಂಕಿ. ಅವರ ಅನುಮಾನ ಪೂರ್ತಿ ತಪ್ಪೇನೂ ಅಲ್ಲ.

ಹತ್ತಕ್ಕೆ ಕಾರ್ಡ್, ಆದರೆ ಹಣ ಕೈಗೆ ಬರಲು ನೂರು ಡಾಲರ್ ಆಗಬೇಕು. ಈ ನಡುವೆ ನನ್ನ ಬಾಮೈದ ಉಪಕಾರ ಮಾಡಲು ಹೋಗಿ, ಕಾಲೇಜಿನ ನಾಲ್ಕು ಗೆಳೆಯರನ್ನು ಕಟ್ಟಿಕೊಂಡು, ನಮ್ಮ ಅಂಗಡಿಯ ವೈಫೈಯಲ್ಲೇ ಜಾಹೀರಾತುಗಳನ್ನು ಒತ್ತಿದ್ದೇ ಒತ್ತಿದ್ದು. ಅಂದು ಮೂರು ಡಾಲರ್ ಏರಿತು. ತಿಂಗಳ ಕೊನೆಗೆ ಆ ಮೂರೂ ಹೋಗಿ, ಒಂದು ತಿಂಗಳು ಜಾಹೀರಾತುಗಳೇ ವಿರಳವಾದವು. ನಿಯಮದಲ್ಲಿ ಮೊದಲೇ ಬರೆದಿತ್ತು, ತಪ್ಪು ನಮ್ಮದೇ. ಹನ್ನೊಂದು ತಿಂಗಳಿಗೆ ಒಟ್ಟು ಮೂವತ್ತೊಂದು ಡಾಲರ್.

ಆಮೇಲೆ ಗೃಹಲಕ್ಷ್ಮಿ ಬಂತು. 2023ರ ಜುಲೈ 19ರಂದು ನೋಂದಣಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ನೋಂದಣಿಗೆ ಏನು ಬೇಕು ಎಂದು ಆ ದಿನವೇ ಬರೆದ ಬರಹ ವಾಟ್ಸಾಪ್ ಗುಂಪುಗಳಲ್ಲಿ ಬೆಂಕಿಯಂತೆ ಹಬ್ಬಿತು. ಎರಡನೆಯ ವರ್ಷಕ್ಕೆ ಐದು ಸಾವಿರದ ನಾಲ್ಕುನೂರು ಕಿತ್ತುಕೊಂಡಿದ್ದ ಆ ಹೋಸ್ಟಿಂಗ್ ಆ ಸಂಜೆ ಮೂರು ಗಂಟೆ ಮಲಗಿತು. ಮರುದಿನವೇ ಎಲ್ಲವನ್ನೂ ಗೂಗಲ್‌ನದೇ ಆದ ಬ್ಲಾಗರ್ ಎಂಬ ತಾಣಕ್ಕೆ ಸಾಗಿಸಿದೆ. ಅಲ್ಲಿ ಜಾಗ ಪುಕ್ಕಟೆ, ನಮ್ಮ ವಿಳಾಸವನ್ನೇ ಜೋಡಿಸಬಹುದು. ಮೊದಲೇ ಮಾಡಬೇಕಿತ್ತು. ಆ ತಿಂಗಳೊಂದರಲ್ಲೇ ನೂರನಾಲ್ಕು ಡಾಲರ್.

ಹಣ ಬರುವುದು ತಿಂಗಳ 21ರಿಂದ 26ರೊಳಗೆ. ಹೊರದೇಶದಿಂದ ಹಣ ತರಿಸಲು ಬೇಕಾದ ಸ್ವಿಫ್ಟ್ ಕೋಡ್ ನಮ್ಮ ಬ್ಯಾಂಕ್ ಶಾಖೆಗೆ ಇಲ್ಲ, ದೊಡ್ಡ ಶಾಖೆಯದನ್ನು ಬರೆದುಕೊಟ್ಟರು. ‘ಹೊರದೇಶದ ಹಣ, ಯಾವ ಬಾಬತ್ತು?’ ಎಂದು ಕೇಳಿದರು. ಜಾಹೀರಾತಿನದು ಎಂದೆ. ಅಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಈ ಮುಖಕ್ಕೆ ಯಾರು ಜಾಹೀರಾತು ಕೊಟ್ಟರು ಎಂಬಂತೆ. ಖರ್ಚು ಕಳೆದು ಖಾತೆಗೆ ಹತ್ತು ಸಾವಿರದ ಏಳುನೂರು ಚಿಲ್ಲರೆ ಬಿತ್ತು. ಇದೂ ವ್ಯಾಪಾರದ ಆದಾಯವೇ, ತೆರಿಗೆ ಲೆಕ್ಕದಲ್ಲಿ ತೋರಿಸಲೇಬೇಕು ಎಂದು ಆಡಿಟರ್ ಹೇಳಿದರು. ತೋರಿಸುತ್ತಿದ್ದೇನೆ.

ಆ ದುಡ್ಡು ನನ್ನ ತಲೆ ಕೆಡಿಸಿತು. ದಿನಕ್ಕೆ ಮೂರು ಬರಹ, ಮೂರರ ತಲೆಬರಹಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ. ಹಣ ಬಂತೇ? ಎರಡನೇ ಕಂತು ಯಾವಾಗ? ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯೇ? ಹೊಸದೇನೂ ಗೊತ್ತಿಲ್ಲದಿದ್ದರೂ ನಾಲ್ಕು ಪ್ಯಾರಾ ಎಳೆಯುವ ವಿದ್ಯೆ ಕೈಗೆ ಹತ್ತಿತು. ಉತ್ತರವನ್ನು ಕೊನೆಯ ಪ್ಯಾರಾದಲ್ಲಿ ಅಡಗಿಸಿದರೆ ನಡುವೆ ಮೂರು ಜಾಹೀರಾತು ಹಿಡಿಸುತ್ತದೆ. ‘ಬಹುತೇಕ ಈ ವಾರ ಜಮಾ ಆಗುವ ಸಾಧ್ಯತೆ’ ಎಂದು ಬರೆದರೆ ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಗೆ ಬಂದರು. ನೆರಳಿಗೆ ನಿಂತು, ಸೆರಗಿನ ತುದಿಯಿಂದ ಮೊಬೈಲಿನ ಗಾಜು ಒರೆಸಿ, ನನ್ನ ಮುಂದೆ ಹಿಡಿದರು.

‘ಅಣ್ಣಾ, ಇದರಲ್ಲಿ ಸೋಮವಾರ ದುಡ್ಡು ಬರುತ್ತದೆ ಎಂದು ಬರೆದಿದೆಯಂತೆ, ನನ್ನ ಮಗ ಓದಿ ಹೇಳಿದ. ಬ್ಯಾಂಕಿಗೆ ಹೋದರೆ ಬಂದಿಲ್ಲ ಎನ್ನುತ್ತಾರೆ. ಸರಿಯಾಗಿ ಓದಿ ಹೇಳಿ.’

ಅದು ನನ್ನದೇ ಪುಟ. ಓದಿದೆ. ‘ಸಾಧ್ಯತೆ ಎಂದು ಬರೆದಿದೆಯಮ್ಮಾ, ಖಚಿತ ಎಂದಿಲ್ಲ’ ಎಂದೆ.

‘ಬಸ್ಸೇನೋ ಪುಕ್ಕಟೆ. ಆದರೆ ಇವತ್ತಿನ ಕೂಲಿ ಹೋಯಿತಲ್ಲ’ ಎಂದು ಮೊಬೈಲನ್ನು ಮತ್ತೆ ಸೆರಗಿಗೆ ಸುತ್ತಿಕೊಂಡು ಹೋದರು. ಬರೆದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಆ ಬರಹವನ್ನು ಆ ದಿನವೇ ಅಳಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಳಿಸಲಿಲ್ಲ. ಇನ್ನೂ ನಾಲ್ಕು ದಿನ ಓಡುತ್ತಿತ್ತು, ಓಡಲು ಬಿಟ್ಟೆ. ಆಮೇಲೆ ಅಂಥದ್ದನ್ನು ಬರೆಯುವುದು ಕಡಿಮೆ ಮಾಡಿದೆ, ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ಬೇರೆಯವರು. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರವನ್ನು ದೊಡ್ಡದಾಗಿ ಬದಲಿಸಿತು. ಅದು ಪೂರ್ತಿಯಾಗಲು ಒಂದೂವರೆ ತಿಂಗಳು ಹಿಡಿಯಿತು. ಜಳ್ಳು ಬರಹಗಳನ್ನು ಕೆಳಕ್ಕೆ ತಳ್ಳುವುದೇ ಅದರ ಉದ್ದೇಶವಾಗಿತ್ತು. ದಿನಕ್ಕೆ ಏಳು ಸಾವಿರವಿದ್ದ ನನ್ನ ಓದುಗರು ಏಪ್ರಿಲ್ ಮುಗಿಯುವ ಹೊತ್ತಿಗೆ ಆರುನೂರಕ್ಕೆ ಇಳಿದರು. ಪ್ರಶ್ನಾರ್ಥಕ ಚಿಹ್ನೆಯವೆಲ್ಲ ಒಟ್ಟಿಗೆ ಹೋದವು. ಉಳಿದ ಆರುನೂರರಲ್ಲಿ ನಾಲ್ಕುನೂರು ಪೌತಿ ಖಾತೆಗೆ, ಮಿಕ್ಕವರು 11ಇ ಮತ್ತು ಪಹಣಿಗೆ ಬಂದವರು. ಆ ತಿಂಗಳು ಕುಳಿತು ನೂರ ಎಂಬತ್ತು ಬರಹ ಅಳಿಸಿದೆ. ಆಗ ಧೈರ್ಯ ಬೇಕಾಗಲಿಲ್ಲ, ಅವುಗಳಿಂದ ಏನೂ ಬರುತ್ತಿರಲಿಲ್ಲವಲ್ಲ.

ಈಗ ಕೆಲವು ಹುಡುಕಾಟಗಳಲ್ಲಿ ಪುಟದ ತಲೆಯ ಮೇಲೆಯೇ ಯಂತ್ರ ಬರೆದ ಉತ್ತರ ಕಾಣಿಸುತ್ತದೆ, ಜನ ಅದನ್ನೇ ಓದಿ ಹೊರಟುಹೋಗುತ್ತಾರೆ. ಕದಿಯುವವರು ಮೊದಲಿನಿಂದಲೂ ಇದ್ದರು. ಒಬ್ಬರು ನನ್ನ ಪೌತಿ ಖಾತೆ ಬರಹವನ್ನು ಅಕ್ಷರ ಬಿಡದೆ ಎತ್ತಿದ್ದರು, ‘ನಮ್ಮ ಅಂಗಡಿಗೆ ಬಂದರೆ ಅರ್ಜಿ ತುಂಬಿಕೊಡುತ್ತೇವೆ’ ಎಂಬ ಸಾಲನ್ನೂ ಅದರ ಕೆಳಗಿನ ನನ್ನ ಫೋನ್ ನಂಬರನ್ನೂ ಸೇರಿಸಿ. ರಾಯಚೂರಿನಿಂದಲೂ ಕರೆ ಬಂತು. ಹಕ್ಕುಸ್ವಾಮ್ಯದ ದೂರು ಕೊಟ್ಟು ಅದನ್ನು ಹುಡುಕಾಟದಿಂದ ತೆಗೆಸುವ ಮೊದಲು ಎರಡು ದಿನ ಯೋಚಿಸಿದೆ. ನನ್ನ ಪುಟಕ್ಕಿಂತ ಅವರದೇ ಮೇಲೆ ಬರುತ್ತಿತ್ತು.

ಆ ಫೋನ್ ನಂಬರಿನ ಸಾಲೇ ನಿಜವಾಗಿ ದುಡಿದದ್ದು. ಈಗ ಜಾಹೀರಾತಿನಿಂದ ತಿಂಗಳಿಗೆ ಹತ್ತು ಡಾಲರ್ ಆಸುಪಾಸು, ಕೈಗೆ ಬರುವುದು ವರ್ಷಕ್ಕೊಮ್ಮೆ. ಆದರೆ ಪಕ್ಕದ ಎರಡು ತಾಲ್ಲೂಕುಗಳಿಂದ ಜನ ಪುಟ ಓದಿ, ಕಾಗದಗಳನ್ನು ಹೊಂದಿಸಿಕೊಂಡು ಅಂಗಡಿಗೆ ಬರುತ್ತಾರೆ. ಹೆಸರು ತಾಳೆಯಾಗದವರು ಮೊದಲೇ ಫೋನ್ ಮಾಡುತ್ತಾರೆ. ಹೆಂಡತಿ ಲೆಕ್ಕದ ಪುಸ್ತಕದಲ್ಲಿ ಡಾಲರನ್ನು ‘ಇತರೆ’ ಕಾಲಂನಲ್ಲಿ, ಲ್ಯಾಮಿನೇಷನ್ ಕೆಳಗೆ ಬರೆಯುತ್ತಾಳೆ.

ಕಳೆದ ವಾರ ಒಬ್ಬ ಹುಡುಗ ಬಂದು ಮೊಬೈಲ್ ಮುಂದಿಟ್ಟ. ಪೌತಿ ಖಾತೆಯ ಪುಟ. ‘ಸಾರ್, ಇದನ್ನು ಒಂದು ಪ್ರಿಂಟ್ ಹಾಕಿಕೊಡಿ, ನಮ್ಮ ತಂದೆಗೆ ಮೊಬೈಲಿನಲ್ಲಿ ಓದಲು ಬರುವುದಿಲ್ಲ’ ಎಂದ. ನಾಲ್ಕು ಹಾಳೆ, ಹಾಳೆಗೆ ಐದು ರೂಪಾಯಿ, ಒಟ್ಟು ಇಪ್ಪತ್ತು. ಮನಸ್ಸಿನಲ್ಲೇ ಗುಣಿಸಿದೆ, ಐನೂರ ಎಪ್ಪತ್ತು ಓದುಗರು. ಅವನು ಪರದೆಯ ಕಡೆ ಬಗ್ಗಿ ನೋಡಿ ಮತ್ತೆ ಹೇಳಿದ:

‘ನಡುವೆ ಈ ಜಾಹೀರಾತು ಬರುತ್ತದಲ್ಲ ಸಾರ್, ಅದನ್ನು ತೆಗೆದು ಕೊಡಿ. ಸುಮ್ಮನೆ ಹಾಳೆ ದಂಡ.’

ತೆಗೆದು ಕೊಟ್ಟೆ. ಮೂರೇ ಹಾಳೆಯಲ್ಲಿ ಮುಗಿಯಿತು, ಹದಿನೈದು ರೂಪಾಯಿ ತೆಗೆದುಕೊಂಡೆ.