ಬಣ್ಣ ಕೆರೆದಾಗ ಸಿಕ್ಕ ನಾಲ್ಕಾಣೆ

ಮಡಿಕೇರಿ ಹತ್ತಿರದ ನಮ್ಮ ಪೇಟೆಯ ಹಳೇ ಟಾಕೀಸನ್ನು ರಿಪೇರಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗೆ ಮಾಲೀಕರು ಇನ್ನೊಂದನ್ನೂ ಅಂಟಿಸಿದರು. 'ಬಾಗಿಲಲ್ಲಿ ಬೋರ್ಡ್ ಹಾಕೋಣ, ಟಾಕೀಸು ಯಾವಾಗ ಶುರುವಾಯ್ತು ಅಂತ ಬರೆದುಕೊಡಿ.' ಅವರ ಹತ್ತಿರವಿದ್ದ ಕಾಗದಪತ್ರವೆಲ್ಲ ಗೆದ್ದಲು ತಿಂದಿತ್ತು.

ಊರಲ್ಲಿ ವಿಚಾರಿಸಿದೆ. ಒಬ್ಬರು 1948 ಅಂದರು, ಇನ್ನೊಬ್ಬರು 1965. ಇಬ್ಬರೂ ಆಣೆ ಮಾಡಿ ಹೇಳಿದವರೇ!

ಉತ್ತರ ಕೊಟ್ಟದ್ದು ಬೇರೆ ಆಣೆ. ಟಿಕೆಟ್ ಕೌಂಟರಿನ ಮೇಲಿನ ಗೋಡೆಯನ್ನು ಉಪ್ಪು ಕಾಗದದಲ್ಲಿ ಉಜ್ಜುತ್ತಿದ್ದಾಗ ಹಸಿರು ಬಣ್ಣದಡಿ 'ಗಾಂಧಿ ಕ್ಲಾಸ್ 25 ನ.ಪೈ.' ಅಂತ ಕಂಡಿತು. ಗಾಂಧಿ ಕ್ಲಾಸ್ ಅಂದರೆ ಪರದೆಯ ಹತ್ತಿರದ ಅಗ್ಗದ ಸೀಟು, ನ.ಪೈ. ಅಂದರೆ ನಯಾಪೈಸೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. 1964ರಲ್ಲಿ 'ನಯಾ' ಬಿಟ್ಟು ಬರೀ ಪೈಸೆ ಆಯಿತು. ಅಲ್ಲಿಗೆ 1965ರ ಮಾತು ಬಿದ್ದುಹೋಯಿತು. ಒದ್ದೆ ಬಟ್ಟೆ ಹಿಡಿದು ಮೆಲ್ಲಗೆ ಇನ್ನೊಂದು ಪದರ ತೆಗೆದೆ. '4 ಆಣೆ'! ದರ ಒಂದೇ, ಬರೆದ ಲೆಕ್ಕ ಮಾತ್ರ ಬೇರೆ.

ಆದರೆ ಹೊಸ ನಾಣ್ಯ ಬಂದ ಮೇಲೂ ಜನ ಆಣೆ ಲೆಕ್ಕ ಬಿಟ್ಟಿರಲಿಲ್ಲ, ಅಲ್ವಾ? ಇದೊಂದನ್ನೇ ನಂಬುವಂತಿರಲಿಲ್ಲ. ಬಾಲ್ಕನಿ ದರ ನೋಡೋಣ ಅಂತ ಆ ಕಡೆ ಹೋದರೆ ಹುಡುಗರು ಮೆಷಿನ್ ಹಾಕಿ ಗಾರೆವರೆಗೂ ಉಜ್ಜಿಬಿಟ್ಟಿದ್ದರು. ನಾನು ಮೊದಲೇ ಹೇಳಬೇಕಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಪ್ರೊಜೆಕ್ಟರ್ ರೂಮಿನಲ್ಲಿ, ಸ್ವಿಚ್ ಬೋರ್ಡಿನ ಹಿಂದೆ ಲೈಸೆನ್ಸಿನ ಚೂರು ಸಿಕ್ಕಿತು. ವರ್ಷ ಇರುವ ಮೂಲೆಯನ್ನೇ ಗೆದ್ದಲು ತಿಂದಿದೆ. ಆದರೆ ಕೂರ್ಗ್ ಸರ್ಕಾರದ ಮೊಹರು ಹಾಗೇ ಇದೆ. ಕೊಡಗು ಬೇರೆ ರಾಜ್ಯವಾಗಿದ್ದದ್ದು 1956ರ ಅಕ್ಟೋಬರ್ ಕೊನೆಯವರೆಗೆ. ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು.

ಹಳೇ ಆಪರೇಟರ್ ಒಬ್ಬರನ್ನು ಕರೆದುಕೊಂಡು ಬಂದು ತೋರಿಸಿದೆ. ಅವರಿಗೆ ಮೊಹರು ಬೇಕಾಗಿರಲಿಲ್ಲ, ನೆಲದಲ್ಲಿ ಬಿದ್ದಿದ್ದ ಕಾರ್ಬನ್ ಕಡ್ಡಿಯ ತುಂಡು ಎತ್ತಿಕೊಂಡರು. 'ಇದರ ಬೆಳಕಲ್ಲೇ ಓಡಿಸ್ತಿದ್ದದ್ದು. ಎರಡು ಸಾವಿರ ಅಡಿ ರೀಲು ಇಪ್ಪತ್ತೆರಡು ನಿಮಿಷ. ಪರದೆ ಮೂಲೆಯಲ್ಲಿ ಚುಕ್ಕೆ ಬಂತು ಅಂದ್ರೆ ಮುಂದಿನ ರೀಲು ಹಾಕಿಟ್ಟ ಪಕ್ಕದ ಮೆಷಿನ್ ಶುರು ಮಾಡಬೇಕು. ಕಕ್ಕಡದ, ಅಂದ್ರೆ ಆಟಿ ತಿಂಗಳ ಮಳೇಲಿ ಮಾತು ಕೇಳದೆ ಜನ ಸುಮ್ನೆ ನೋಡ್ತಿದ್ರಪ್ಪಾ, ಮೂಕಿ ಸಿನಿಮಾ ಥರ!' ಮಧ್ಯೆ ಯಾರೋ ಹೆಂಚು ತೆಗೆದು ಶೀಟು ಹಾಕಿಸಿದ್ದರ ಫಲ ಅದು. ನಾನು ಶೀಟು ಬಿಚ್ಚಿಸಿ ಮತ್ತೆ ಮಂಗಳೂರು ಹೆಂಚು ಹಾಕಿಸಿದೆ. ಖರ್ಚು ಜಾಸ್ತಿ ಆಯಿತು.

ಬೋರ್ಡಿನಲ್ಲಿ 'ಸ್ಥಾಪನೆ: 1956ರ ನವೆಂಬರ್ 1ಕ್ಕೆ ಮೊದಲು' ಅಂತ ಬರೆಸಿದೆ. ಮಾಲೀಕರಿಗೆ ಅಷ್ಟು ಹಿಡಿಸಲಿಲ್ಲ. ಕೌಂಟರಿನ ಮೇಲಿನ ಆ ಗೇಣಗಲದ ಗೋಡೆಗೆ ಮಾತ್ರ ಬಣ್ಣ ಬಳಿಯಲು ಬಿಡಲಿಲ್ಲ, ಗಾಜು ಕೂರಿಸಿದ್ದೇನೆ.